ನೀವು ಗಲ್ಫ್‌ನಲ್ಲಿ, ಮಗಳು ಹಾಸ್ಟೆಲ್‌ನಲ್ಲಿ: ಮನೆಯಲ್ಲಿ ಕಷ್ಟ ಬಂದಾಗ

ಗಂಡ ಹೆಂಡತಿ ಇಬ್ಬರೂ ದುಬೈಯಲ್ಲೋ ರಿಯಾದ್‌ನಲ್ಲೋ ಕೆಲಸದಲ್ಲಿದ್ದೀರಿ. ಮಗಳು ಮೂಡುಬಿದಿರೆಯ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ಊರಿನಲ್ಲಿ ಅವಳನ್ನು ಸಾಕಿದ ಅಜ್ಜಿ ತೀರಿಹೋದರು ಎಂದುಕೊಳ್ಳಿ. ವಿಮಾನದ ಟಿಕೆಟ್ ಹುಡುಕುವ ಮೊದಲೇ ಆಗಬೇಕಾದ ಕೆಲಸವೊಂದಿದೆ. ಸುದ್ದಿಯನ್ನು ಮಗಳಿಗೆ ನೀವೇ ಹೇಳಬೇಕು.

"ಪರೀಕ್ಷೆ ಮುಗಿಯಲಿ, ಆಮೇಲೆ ಹೇಳಿದರಾಯ್ತು" ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಅಷ್ಟರಲ್ಲಿ ಯಾರೋ ನೆಂಟರು ವಾಟ್ಸಾಪ್ ಸ್ಟೇಟಸ್‌ನಲ್ಲಿ ಅಜ್ಜಿಯ ಫೋಟೊ ಹಾಕಿ ಶ್ರದ್ಧಾಂಜಲಿ ಬರೆದಿರುತ್ತಾರೆ. ಗೆಳತಿಯ ಮನೆಯವರ ಮೂಲಕ ಅದು ಹಾಸ್ಟೆಲ್ ಮುಟ್ಟುತ್ತದೆ. ಆಗ ಅಜ್ಜಿ ಹೋದ ದುಃಖದ ಜೊತೆಗೆ ಅಪ್ಪ ಅಮ್ಮ ಮುಚ್ಚಿಟ್ಟರಲ್ಲ ಎಂಬ ನೋವೂ ಸೇರುತ್ತದೆ. ಕೊನೆಯ ಸಲ ಮುಖ ನೋಡುವುದೂ ತಪ್ಪಿರುತ್ತದೆ.

ಹೇಳುವುದು ಹೇಗೆ? ಹಲವು ಹಾಸ್ಟೆಲ್‌ಗಳಲ್ಲಿ ಮಕ್ಕಳ ಬಳಿ ಮೊಬೈಲ್ ಇರುವುದಿಲ್ಲ. ಮೊದಲು ವಾರ್ಡನ್‌ಗೆ ತಿಳಿಸಿ. ಮಗಳಿಗೆ ಸಲುಗೆ ಇರುವ ಮೇಡಂ ಒಬ್ಬರು ಪಕ್ಕದಲ್ಲಿ ಕೂರಲಿ. ಯುಎಇಯಿಂದ ವಾಟ್ಸಾಪ್ ಕರೆ ಹೋಗುವುದಿಲ್ಲ, ಬೋಟಿಮ್‌ನಂಥ ಆ್ಯಪ್ ಬೇಕು. ಅದನ್ನು ಆ ಗಳಿಗೆಯಲ್ಲಿ ವಾರ್ಡನ್ ಫೋನಿಗೆ ಹಾಕಿಸುತ್ತ ಕೂರಬೇಡಿ, ಮಾಮೂಲಿ ಐಎಸ್‌ಡಿ ಕರೆಯನ್ನೇ ಮಾಡಿ. ಸುತ್ತಿ ಬಳಸದೆ "ಅಜ್ಜಿ ತೀರಿಹೋದರು" ಎನ್ನಿ. ಅತ್ತರೆ ಅಳಲಿ, ಫೋನ್ ಇಡಬೇಡಿ. ಓದಿನ ಮಾತು ಇವತ್ತು ಬೇಡ.

ಊರಿಗೆ ಕರೆದೊಯ್ಯುವವರು ಯಾರು? ಇಲ್ಲಿ ಲೋಕಲ್ ಗಾರ್ಡಿಯನ್ ಬೇಕಾಗುತ್ತಾರೆ. ಅಂದರೆ ನಿಮ್ಮ ಪರವಾಗಿ ಸಹಿ ಹಾಕಬಲ್ಲ, ಹತ್ತಿರದಲ್ಲೇ ಇರುವ ಹಿರಿಯರು. ಸೋದರಮಾವನೋ ಚಿಕ್ಕಪ್ಪನೋ ಆಗಬಹುದು. ದಾಖಲಾತಿಯ ದಿನವೇ ಅವರ ಹೆಸರು, ಫೋಟೊ, ನಿಮ್ಮ ಸಹಿಯ ಪತ್ರ ಕಾಲೇಜಿನಲ್ಲಿರಲಿ. ಇದಕ್ಕೆ ಖರ್ಚಿಲ್ಲ. ಫೀಸು, ಆಸ್ಪತ್ರೆ ಬಿಲ್ಲಿಗಾಗಿ ನಿಮ್ಮ ಎನ್‌ಆರ್‌ಇ ಖಾತೆಗೆ ಅವರನ್ನು ಮ್ಯಾಂಡೇಟ್ ಹೋಲ್ಡರ್ ಮಾಡಬಹುದು, ಅಂದರೆ ಇಲ್ಲಿನ ಪಾವತಿಗೆ ಹಣ ತೆಗೆಯುವ ಅಧಿಕಾರ ಕೊಡಬಹುದು. ಫಾರಂ ಬ್ಯಾಂಕಿನಲ್ಲೇ ಸಿಗುತ್ತದೆ. ಪವರ್ ಆಫ್ ಅಟಾರ್ನಿ, ಅಂದರೆ ಅಧಿಕಾರ ಪತ್ರ, ಆಸ್ತಿಯಂಥ ವ್ಯವಹಾರವಿದ್ದರೆ ಸಾಕು. ಅದನ್ನು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಹಾಜರಿಯ ಚಿಂತೆಯೇ? ಪಿಯುಸಿಗೆ ಶೇಕಡಾ 75 ಬೇಕು. ರಜೆಯ ಪತ್ರವನ್ನು ಕಾರಣ ಬರೆದು, ಗಾರ್ಡಿಯನ್ ಕೈಯಲ್ಲಿ ಆ ವಾರವೇ ಕೊಡಿಸಿ. ಇನ್ನು ದ್ವಿತೀಯ ಪಿಯುಸಿಯ ಪರೀಕ್ಷೆಯೇ ತಪ್ಪಿದರೆ? 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಹಾಗಾಗಿ ಮೊದಲನೆಯದಾದ ಪರೀಕ್ಷೆ-1 ಬರೆಯದಿದ್ದರೆ ವರ್ಷವೇ ಹೋಯಿತು ಎನ್ನಬೇಕಿಲ್ಲ.

ನಿಮಗೆ ರಜೆ ಸಿಗುತ್ತದೆಯೇ? ತಂದೆ ಅಥವಾ ತಾಯಿ ತೀರಿಕೊಂಡರೆ ಯುಎಇಯ ಖಾಸಗಿ ಕಂಪನಿಗಳಲ್ಲಿ 3 ದಿನ, ಸೌದಿಯಲ್ಲಿ 5 ದಿನ ಸಂಬಳ ಸಹಿತ ರಜೆಯಿದೆ. ಬಂದು ಹೋಗುವುದಕ್ಕೆ ಅಷ್ಟು ಸಾಲದು, ವಾರ್ಷಿಕ ರಜೆಯನ್ನೂ ಸೇರಿಸಿ ಕೇಳಿ.

ಮಗಳು ಹಾಸ್ಟೆಲ್‌ಗೆ ಮರಳಿದ ಮೇಲೆ ಊಟ, ನಿದ್ದೆ ಹೇಗಿದೆ ಎಂದು ವಾರ್ಡನ್ ಹತ್ತಿರ ವಿಚಾರಿಸುತ್ತಿರಿ. ವಾರಗಳು ಕಳೆದರೂ ಮಂಕಾಗಿಯೇ ಇದ್ದರೆ ಟೆಲಿ ಮಾನಸ್ ಇದೆ. ಫೋನಿನಲ್ಲೇ ಮನಸ್ಸಿನ ತೊಂದರೆ ಆಲಿಸಿ ಸಲಹೆ ಕೊಡುವ ಸರ್ಕಾರಿ ಸೇವೆ ಇದು. ಸಂಖ್ಯೆ 14416. ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ಮಗಳಿಗೂ ವಾರ್ಡನ್‌ಗೂ ಈಗಲೇ ಬರೆಸಿಡಿ.