ತೋಟದ ಮನೆಗೆ ಸ್ವಯಂಚಾಲಿತ ಗೇಟು

ತೋಟದಲ್ಲಿಯೇ ಮನೆ ಕಟ್ಟಿಕೊಂಡು ವಾಸಿಸುವ ರೈತ ಕುಟುಂಬಗಳಲ್ಲಿ ಹೊರಗೇಟನ್ನು ದಿನಕ್ಕೆ ಹತ್ತಿಪ್ಪತ್ತು ಬಾರಿ ತೆಗೆದು ಹಾಕುವ ಕೆಲಸ ಸಾಮಾನ್ಯವಾಗಿ ಮನೆಯ ಹಿರಿಯರ ಇಲ್ಲವೆ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ. ಗೇಟು ಮನೆಯಿಂದ ನೂರಿನ್ನೂರು ಅಡಿ ದೂರವಿದ್ದರೆ ಬೇಸತ್ತು ತೆರೆದೇ ಬಿಡುವುದೂ ಉಂಟು. ಹಾಗೆ ಬಿಟ್ಟ ಒಂದೇ ರಾತ್ರಿಯಲ್ಲಿ ಬೀಡಾಡಿ ದನಗಳು ತೆನೆಗೆ ಬಂದ ಜೋಳವನ್ನು ಹಾಳುಮಾಡಬಲ್ಲವು. ಮೋಟಾರಿನಿಂದ ತಾನಾಗಿಯೇ ತೆರೆದು ಮುಚ್ಚುವ ಗೇಟು ಇಂತಹ ಕಡೆ ಉಪಯುಕ್ತ. ಆದರೆ ಪಟ್ಟಣದ ಕಾಂಕ್ರೀಟು ಅಂಗಳಕ್ಕೆ ಒಗ್ಗಿದ ಯಂತ್ರವನ್ನು ದನಕರು ಓಡಾಡುವ ದಾರಿಯಲ್ಲಿ ಕೂರಿಸುವಾಗ ಕೆಲವು ಅಂಶಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಅಗಲ ಮತ್ತು ಮಾದರಿ

ಕಾರು ಬಂದರೆ ಸಾಕೆಂದು 10 ಅಡಿ ಗೇಟು ಹಾಕಿಸಿದವರು ಸುಗ್ಗಿಯಲ್ಲಿ ಪರದಾಡುತ್ತಾರೆ. ಭತ್ತ ಕೊಯ್ಯುವ ದೊಡ್ಡ ಯಂತ್ರಗಳ ಮುಂಭಾಗವೇ ಸುಮಾರು 14 ಅಡಿ ಅಗಲವಿರುತ್ತದೆ. ಆದುದರಿಂದ ಯಂತ್ರ ಒಳಬರುವ ದಾರಿ ಇದೊಂದೇ ಆಗಿದ್ದರೆ 16 ಅಡಿ ಬಿಡಬೇಕು. ಗೇಟು ತೆರೆಯಲು ಹದಿನೈದಿಪ್ಪತ್ತು ಸೆಕೆಂಡು ಹಿಡಿಯುವುದರಿಂದ, ಟ್ರ್ಯಾಕ್ಟರು ಟ್ರೇಲರು ಸಮೇತ ರಸ್ತೆಯಿಂದ ಈಚೆಗೆ ನಿಲ್ಲುವಷ್ಟು, ಅಂದರೆ 30 ಅಡಿಯಷ್ಟು, ಗೇಟನ್ನು ಒಳಕ್ಕೆ ಹಾಕುವುದು ಕ್ಷೇಮ.

ಗೇಟುಗಳಲ್ಲಿ ಎರಡು ಬಗೆ: ಕಂಬಕ್ಕೆ ಜೋಡಿಸಿದ ಎರಡು ಬಾಗಿಲು ಒಳಕ್ಕೆ ತೆರೆಯುವಂಥದು, ಕಂಬಿಯ ಮೇಲೆ ಪಕ್ಕಕ್ಕೆ ಸರಿಯುವಂಥದು. ಒಳದಾರಿ ಏರಾಗಿದ್ದರೆ ಬಾಗಿಲಿನ ತುದಿ ನೆಲಕ್ಕೆ ತಾಗುತ್ತದೆ. ಅಲ್ಲಿ ಸರಿಯುವ ಗೇಟು ಸೂಕ್ತ. ಆದರೆ ಅದಕ್ಕೆ ಒಂದು ಪಕ್ಕದಲ್ಲಿ ಗೇಟಿನಷ್ಟೇ ಉದ್ದದ ಜಾಗ ಬೇಕು. ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿಕೊಂಡು ಬರುವ ಕೆಸರು, ಕಲ್ಲು ಕಂಬಿಯಲ್ಲಿ ಕೂಡುವುದರಿಂದ ಮಳೆಗಾಲದಲ್ಲಿ ದಿನವೂ ಗುಡಿಸಬೇಕಾಗುತ್ತದೆ. ಅನುಕೂಲವಿದ್ದಲ್ಲಿ ಎರಡು ಬಾಗಿಲಿನ ಗೇಟೇ ರೈತರಿಗೆ ಮೇಲು.

ಪೂರ್ತಿ ತಗಡು ಹೊದಿಸಿದ ಗೇಟು ನೋಡಲು ಚೆನ್ನ, ಗಾಳಿಗೆ ಕೆಟ್ಟದ್ದು. 16 ಅಡಿ ಅಗಲ, 5 ಅಡಿ ಎತ್ತರದ ತಗಡಿನ ಮೇಲೆ ಗಂಟೆಗೆ 72 ಕಿ.ಮೀ. ವೇಗದ ಬಿರುಗಾಳಿ ಸುಮಾರು 180 ಕಿಲೋ ತೂಕದಷ್ಟು ಒತ್ತುತ್ತದೆ. ಬಯಲುಸೀಮೆಯ ಮುಂಗಾರು ಪೂರ್ವದ ಗಾಳಿಯಲ್ಲಿ ಇದು ಅಪರೂಪವಲ್ಲ. ಸರಳಿನ ಗೇಟಾದರೆ ಗಾಳಿ ತೂರಿಹೋಗುತ್ತದೆ, ಮೋಟಾರೂ ಬಾಳುತ್ತದೆ.

ಮಣ್ಣು ನೋಡಿ ಕಂಬ ನಿಲ್ಲಿಸಬೇಕು

ಬಹಳಷ್ಟು ಗೇಟುಗಳು ಕೆಡುವುದು ಮೋಟಾರಿನಿಂದಲ್ಲ, ಕಂಬ ವಾಲುವುದರಿಂದ. ಧಾರವಾಡ, ಗದಗ, ವಿಜಯಪುರ, ರಾಯಚೂರು ಕಡೆಯ ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಎರಡು ಅಡಿ ಗುಂಡಿಯಲ್ಲಿ ನಿಲ್ಲಿಸಿದ ಕಂಬ ಈ ಉಬ್ಬರ ಇಳಿತದ ಜೊತೆಯಲ್ಲಿಯೇ ಏರಿ ಇಳಿಯುತ್ತದೆ. ಕೈಯಿಂದ ನೂಕುವ ಗೇಟಿಗೆ ಒಂದಂಗುಲದ ವ್ಯತ್ಯಾಸ ದೊಡ್ಡದಲ್ಲ. ಮೋಟಾರಿನ ತೋಳಿಗೆ ಅದೇ ಮುರಿಯುವ ಕಾರಣ.

ಎರೆಭೂಮಿಯಲ್ಲಿ ಮಣ್ಣಿನ ತೇವ ಋತುವಿಗೆ ತಕ್ಕಂತೆ ಹತ್ತಡಿ ಆಳದವರೆಗೂ ಬದಲಾಗಬಹುದು. ಗರಸು ಬೇಗ ಸಿಕ್ಕರೆ ಅಲ್ಲಿಯವರೆಗೆ ತೋಡಿ ಬುನಾದಿ ಹಾಕಬೇಕು. ಸಿಗದಿದ್ದರೆ ಬುಡದಲ್ಲಿ ಗಂಟೆಯಂತೆ ಅಗಲವಾದ ಕೊರೆದ ಕಾಂಕ್ರೀಟು ಕಂಬಗಳನ್ನು ಇಳಿಸುವ ಪದ್ಧತಿಯಿದೆ. ಬುನಾದಿಗಳೆರಡನ್ನೂ ನೆಲಮಟ್ಟದಲ್ಲಿ ಕಬ್ಬಿಣ ಸೇರಿಸಿದ ಕಾಂಕ್ರೀಟು ತೊಲೆಯಿಂದ ಬೆಸೆದರೆ ಕಂಬಗಳ ಅಂತರ ಬದಲಾಗದು. ಕಂಬದ ಸುತ್ತ ಕಾಲುವೆ ನೀರು ಅಥವಾ ಬಚ್ಚಲ ನೀರು ನಿಲ್ಲಬಾರದು.

ಕೋಲಾರ, ತುಮಕೂರಿನ ಕೆಂಪುಮಣ್ಣಿನಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಬಳಕೆಯಲ್ಲಿರುವ ಕಲ್ಲುಕಂಬಗಳಿಗೆ ಮೋಟಾರು ಕೂರಿಸಲು ರಂಧ್ರ ಕೊರೆದರೆ ಕಲ್ಲು ಸೀಳುವ ಸಂಭವವಿದೆ. ಕಬ್ಬಿಣದ ಪಟ್ಟಿ ಸುತ್ತಿ ಬಿಗಿಯುವುದು ಲೇಸು.

ಕಂಬ, ಬಾಗಿಲು ಕೂರಿಸಿದ ಮೇಲೆ ಒಂದು ಕೈಯಿಂದ ನೂಕಿ ನೋಡಬೇಕು. ಬಾಗಿಲು ತೊಡರದೆ ತಿರುಗಿ, ಬಿಟ್ಟಲ್ಲಿಯೇ ನಿಲ್ಲಬೇಕು. ಹಾಗಾಗದ ಗೇಟಿಗೆ ಮೋಟಾರು ಜೋಡಿಸುವುದು ಹಣ ವ್ಯರ್ಥ.

ವಿದ್ಯುತ್ತು

ಪಂಪ್‌ಸೆಟ್ಟಿನ ಸಂಪರ್ಕದಿಂದ ಗೇಟಿಗೆ ತಂತಿ ಎಳೆಯಬಾರದು. ಆ ಸಂಪರ್ಕ ನೀರಾವರಿಗೆಂದು ಕೊಟ್ಟದ್ದು. ಮೂರು ಫೇಸ್ ವಿದ್ಯುತ್ತು ದಿನವಿಡೀ ಇರುವುದೂ ಇಲ್ಲ. ಮನೆಯ ಮೀಟರಿನಿಂದ ಕವಚವಿರುವ ಕೇಬಲನ್ನು ಎರಡೂವರೆ ಅಡಿ ಆಳದಲ್ಲಿ, ಮೇಲೆ ಕೆಳಗೆ ಮರಳು ಹಾಕಿ, ಇಟ್ಟಿಗೆ ಮುಚ್ಚಿ ತರಬೇಕು. ಕವಚವಿಲ್ಲದ ತಂತಿಯನ್ನು ಇಲಿಗಳು ಕಡಿಯುತ್ತವೆ, ಗುದ್ದಲಿಯೂ ಕಡಿಯುತ್ತದೆ. ಕಬ್ಬಿಣದ ಗೇಟನ್ನು ಒದ್ದೆ ಕೈಯಲ್ಲಿ ಮುಟ್ಟುವವರಿರುವುದರಿಂದ ಪ್ರತ್ಯೇಕ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ಸ್ವಿಚ್ಚು ಇರಲೇಬೇಕು. ಸಿಡಿಲಿನ ಏರೊತ್ತಡ ತಡೆಯುವ ಸಾಧನವನ್ನೂ ಹಾಕಿಸಬೇಕು.

ಬ್ಯಾಟರಿಯಿಂದ ನಡೆಯುವ 24 ವೋಲ್ಟಿನ ಮೋಟಾರು ಹಳ್ಳಿಗೆ ಹೆಚ್ಚು ಹೊಂದುತ್ತದೆ. ಸೌರಫಲಕ ಕೊಳ್ಳುವವರು ಹೀಗೆ ಲೆಕ್ಕ ಹಾಕಬಹುದು: ಮೋಟಾರು 4 ಆಂಪಿಯರ್ ಎಳೆದು, ತೆರೆದು ಮುಚ್ಚಲು 40 ಸೆಕೆಂಡು ನಡೆದರೆ, ದಿನಕ್ಕೆ 20 ಬಾರಿಗೆ 0.9 ಆಂಪಿಯರ್ ಗಂಟೆ. ನಿಯಂತ್ರಣ ಪೆಟ್ಟಿಗೆ ಸುಮ್ಮನಿರುವಾಗಲೂ 0.1 ಆಂಪಿಯರ್ ಎಳೆಯುವುದಾದರೆ ಅದಕ್ಕೇ 2.4 ಆಂಪಿಯರ್ ಗಂಟೆ ಬೇಕು. ಗೇಟು ಓಡುವುದಕ್ಕಿಂತ ಕಾಯುವುದಕ್ಕೇ ಖರ್ಚು ಹೆಚ್ಚು! ಒಟ್ಟು 3.3 ಆಂಪಿಯರ್ ಗಂಟೆ. ಮೋಡ ಕವಿದ ಮೂರು ದಿನ ನಡೆಯಲು, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಬರಿದಾಗಿಸದಂತೆ, 20 ಆಂಪಿಯರ್ ಗಂಟೆಯ ಬ್ಯಾಟರಿ ಬೇಕಾಗುತ್ತದೆ. ಮಲೆನಾಡಿನಲ್ಲಿ ವಾರಗಟ್ಟಲೆ ಬಿಸಿಲು ಕಾಣದಿರುವುದರಿಂದ ಸೌರಫಲಕವನ್ನೇ ನಂಬಬಾರದು.

ಮಕ್ಕಳು, ದನಕರು

ಸರಿಯುವ ಗೇಟು ಕಂಬಿಯಿಂದಾಚೆ ಜಾರಿ ಮಕ್ಕಳ ಮೇಲೆ ಬಿದ್ದು ಪ್ರಾಣ ತೆಗೆದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. ಎರಡೂ ತುದಿಯಲ್ಲಿ ಬಲವಾದ ಕಬ್ಬಿಣದ ತಡೆ, ಮೇಲೆ ಹಿಡಿದಿಡುವ ಉರುಳೆಗಳಿಲ್ಲದ ಗೇಟನ್ನು ಯಾವ ಕಾರಣಕ್ಕೂ ಒಪ್ಪಿಕೊಳ್ಳಬಾರದು.

ಅಡ್ಡ ಬಂದವರನ್ನು ಕಾಣುವ ಬೆಳಕಿನ ಕಣ್ಣುಗಳನ್ನು ಸಾಮಾನ್ಯವಾಗಿ ಒಂದೇ ಜೊತೆ ಹಾಕುತ್ತಾರೆ. ಅದರ ಕೆಳಗೆ ಕುರಿಮರಿಯಾಗಲಿ ಅಂಬೆಗಾಲಿಡುವ ಕೂಸಾಗಲಿ ಕಾಣದೆ ಹೋಗಬಹುದು. ಒಂದಡಿ ಎತ್ತರದಲ್ಲೊಂದು, ಎರಡೂವರೆ ಅಡಿಯಲ್ಲೊಂದು, ಹೀಗೆ ಎರಡು ಜೊತೆ ಹಾಕಿಸಬೇಕು. ಇಷ್ಟಿದ್ದರೂ ತಡೆ ತಾಗಿದೊಡನೆ ಗೇಟು ಹಿಂದೆ ಸರಿಯುತ್ತದೆಯೇ ಎಂದು ತಿಂಗಳಿಗೊಮ್ಮೆ ಮರದ ತುಂಡು ಇಟ್ಟು ಪರೀಕ್ಷಿಸಬೇಕು. ದನ ಮನೆಗೆ ಮರಳುವ ಹೊತ್ತಿನಲ್ಲಿ ತಾನಾಗಿ ಮುಚ್ಚುವ ವ್ಯವಸ್ಥೆಯನ್ನು ನಿಲ್ಲಿಸಿಡುವುದೇ ಸರಿ. ಹಿಂಡಿನ ನಡುವೆ ಮುಚ್ಚಿಕೊಂಡರೆ ದನ ಬೆದರುತ್ತವೆ. ಜನರ ಓಡಾಟಕ್ಕೆ ಪಕ್ಕದಲ್ಲಿ ಮೂರಡಿಯ ದಿಡ್ಡಿ ಬಾಗಿಲಿದ್ದರೆ ದೊಡ್ಡ ಗೇಟಿನ ಕೆಲಸವೂ ಕಡಿಮೆ.

ಪ್ರತಿ ಮೋಟಾರಿಗೂ ಅದನ್ನು ಕಳಚಿ ಗೇಟನ್ನು ಕೈಯಿಂದ ತೆರೆಯುವ ಕೀಲಿ ಇರುತ್ತದೆ. ಅನೇಕ ಮನೆಗಳಲ್ಲಿ ಅದು ಯಜಮಾನನ ಬೀರುವಿನಲ್ಲಿರುತ್ತದೆ. ನಡುರಾತ್ರಿ ಹಾವು ಕಚ್ಚಿದವರನ್ನೋ ಹೆರಿಗೆ ನೋವು ಕಂಡವರನ್ನೋ ಕರೆದೊಯ್ಯಲು ವಾಹನ ಬಂದು, ವಿದ್ಯುತ್ತಿಲ್ಲದೆ ಗೇಟಿನ ಹೊರಗೆ ನಿಂತರೆ ಕಳೆದ ಒಂದೊಂದು ನಿಮಿಷವೂ ದುಬಾರಿ. ಕೀಲಿಯ ಒಂದು ಪ್ರತಿ ಅಡುಗೆಮನೆಯ ಮೊಳೆಯಲ್ಲಿ ತೂಗಿರಬೇಕು. ಮನೆಯ ಅಜ್ಜಿಯಿಂದ ಹಿಡಿದು ಹೈಸ್ಕೂಲು ಓದುವ ಮಕ್ಕಳವರೆಗೆ ಎಲ್ಲರೂ ಒಮ್ಮೆ ಕತ್ತಲಲ್ಲಿ ಅದನ್ನು ಬಳಸಿ ನೋಡಿರಬೇಕು.

ಉಳಿದ ಪಾಲನೆ ಹೆಚ್ಚೇನಿಲ್ಲ. ಮಳೆಗಾಲಕ್ಕೆ ಮೊದಲು ತಿರುಗಣಿಗಳಿಗೆ ಗ್ರೀಸು ಹಾಕಿ, ಕಣ್ಣುಗಳ ಮೇಲಿನ ಜೇಡರಬಲೆ ಒರೆಸಿ, ನಿಯಂತ್ರಣ ಪೆಟ್ಟಿಗೆಗೆ ತಂತಿ ಹೋಗುವ ರಂಧ್ರಗಳನ್ನು ಇರುವೆ, ಹಲ್ಲಿ ನುಗ್ಗದಂತೆ ಮುಚ್ಚಬೇಕು.