880 ಕೋಟಿ ವರ್ಷ ಹಳೆಯ ಆ ‘ಸಿಗ್ನಲ್’ ಕಳಿಸಿದ್ದು ಏಲಿಯನ್‌ಗಳೇ?

“ದೂರದ ಗ್ಯಾಲಕ್ಸಿಯಿಂದ ಭಾರತಕ್ಕೆ ಬಂತು ರೇಡಿಯೋ ಸಿಗ್ನಲ್! ಏಲಿಯನ್‌ಗಳು ಮಾತಾಡುತ್ತಿದ್ದಾರಾ?” ಈ ಧಾಟಿಯ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಅರ್ಧ ನಿಜ, ಅರ್ಧ ಮಸಾಲೆ. ಸಿಗ್ನಲ್ ಸಿಕ್ಕಿದ್ದು ಹೌದು, ಹಿಡಿದದ್ದು ಭಾರತದ ದೂರದರ್ಶಕ ಎಂಬುದೂ ಹೌದು. ಆದರೆ ಅದನ್ನು ಯಾರೂ ‘ಕಳಿಸಿದ್ದಲ್ಲ’. ಅದು ತಣ್ಣಗಿನ ಹೈಡ್ರೋಜನ್ ಅನಿಲದಿಂದ ತಾನಾಗಿ ಹೊರಟದ್ದು.

ನಿಜವಾಗಿ ನಡೆದದ್ದೇನು?

2023ರ ಜನವರಿಯಲ್ಲಿ ಸುದ್ದಿಯಾದ ಸಂಶೋಧನೆ ಇದು. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಅರ್ಣಬ್ ಚಕ್ರವರ್ತಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಇದನ್ನು ಮಾಡಿದವರು. ಬಳಸಿದ್ದು ಪುಣೆ ಜಿಲ್ಲೆಯ ಖೋಡದ್ ಬಳಿ ಇರುವ ಜಿಎಂಆರ್‌ಟಿ ರೇಡಿಯೋ ದೂರದರ್ಶಕ. ಒಂದೊಂದೂ 45 ಮೀಟರ್ ಅಗಲದ 30 ಆ್ಯಂಟೆನಾಗಳು ಅಲ್ಲಿವೆ.

ಹೈಡ್ರೋಜನ್ ಪರಮಾಣುವಿನಲ್ಲಿ ಇರುವುದು ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಆ ಎಲೆಕ್ಟ್ರಾನಿನ ‘ಸ್ಪಿನ್’ ದಿಕ್ಕು ತಿರುಗಿದಾಗ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆ ಹೊರಡುತ್ತದೆ. ತನ್ನಷ್ಟಕ್ಕೆ ಬಿಟ್ಟರೆ ಒಂದು ಪರಮಾಣುವಿನಲ್ಲಿ ಇದು ನಡೆಯಲು ಸರಾಸರಿ 1 ಕೋಟಿ ವರ್ಷಕ್ಕಿಂತ ಹೆಚ್ಚು ಬೇಕು! ಆದರೆ ಗ್ಯಾಲಕ್ಸಿಯಲ್ಲಿ ಪರಮಾಣುಗಳಿಗೇನು ಬರವೇ? ಎಲ್ಲ ಸೇರಿ ಸಣ್ಣ ದನಿಯೊಂದು ಸದಾ ಬರುತ್ತಲೇ ಇರುತ್ತದೆ.

ವಿಶ್ವ ಹಿಗ್ಗುತ್ತಿರುವುದರಿಂದ ದಾರಿಯಲ್ಲಿ ಆ ಅಲೆಯೂ ಹಿಗ್ಗಿ, ಇಲ್ಲಿ ತಲುಪುವಾಗ 48 ಸೆಂಟಿಮೀಟರ್ ಆಗಿತ್ತು. ಅಷ್ಟು ದೂರದ ಕ್ಷೀಣ ದನಿ ಸಿಕ್ಕಿದ್ದಕ್ಕೆ ಅದೃಷ್ಟವೂ ಕಾರಣ: ನಡುವೆ ಇದ್ದ ಇನ್ನೊಂದು ಗ್ಯಾಲಕ್ಸಿಯ ಗುರುತ್ವ ಭೂತಕನ್ನಡಿಯಂತೆ ಕೆಲಸ ಮಾಡಿ ಅದನ್ನು ಸುಮಾರು 30 ಪಟ್ಟು ಹಿಗ್ಗಿಸಿತ್ತು.

ಇನ್ನೊಂದು ಮಾತು. ಈ ಅಲೆ ಹೊರಟದ್ದು ಸುಮಾರು 880 ಕೋಟಿ ವರ್ಷಗಳ ಹಿಂದೆ. ನಮ್ಮ ಸೂರ್ಯ, ಭೂಮಿ ಹುಟ್ಟಿದ್ದೇ ಸುಮಾರು 460 ಕೋಟಿ ವರ್ಷಗಳ ಹಿಂದೆ. ‘ನಮಗೆ ಸಂದೇಶ’ ಕಳಿಸಲು ಆಗ ನಾವಿರಲಿ, ನಮ್ಮ ವಿಳಾಸವೇ ಇರಲಿಲ್ಲ.

ಅನಿಲಕ್ಕೆ ಇಷ್ಟು ಮಹತ್ವ ಯಾಕೆ?

ನಕ್ಷತ್ರಗಳು ತಯಾರಾಗುವುದು ಅದರಿಂದಲೇ. ಬಿಸಿ ಅನಿಲ ಹಿಗ್ಗಿಕೊಂಡು ದೂರ ಸರಿಯುತ್ತದೆ, ತಣ್ಣಗಾದರೆ ಮಾತ್ರ ತನ್ನದೇ ಭಾರಕ್ಕೆ ಕುಸಿದು ನಕ್ಷತ್ರವಾಗಬಲ್ಲದು. ಅದಕ್ಕೂ ಮೊದಲು ಬಿಡಿ ಪರಮಾಣುಗಳು ಜೋಡಿಯಾಗಿ ಅಣುಗಳಾಗಬೇಕು. ಆ ಅಣುಮೋಡಗಳ ಚಳಿ ಮೈನಸ್ 250 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು.

ನಾನು ಇದನ್ನು ಅಮ್ಮನಿಗೆ ವಿವರಿಸಿದ್ದು ಹೀಗೆ: ಬಿಡಿ ಹೈಡ್ರೋಜನ್ ಅಂದರೆ ಭತ್ತ, ಅಣು ಹೈಡ್ರೋಜನ್ ಅಂದರೆ ಅಕ್ಕಿ, ನಕ್ಷತ್ರ ಅಂದರೆ ಅನ್ನ. (“ಹಾಗಾದ್ರೆ ಗಂಜಿ ಯಾವುದು?” ಅಂದರು. ಉತ್ತರ ಹೊಳೆಯಲಿಲ್ಲ.)

ಈ ಲೆಕ್ಕದಲ್ಲಿ ವಿಶ್ವದ ಅಡುಗೆ ಭರ್ಜರಿಯಾಗಿ ನಡೆದದ್ದು ಸುಮಾರು 1,000 ಕೋಟಿ ವರ್ಷಗಳ ಹಿಂದೆ. ಆಮೇಲೆ ನಕ್ಷತ್ರಗಳು ಹುಟ್ಟುವ ವೇಗ ಇಳಿಯುತ್ತಾ ಬಂದು ಈಗ ಸುಮಾರು ಹತ್ತನೇ ಒಂದು ಭಾಗಕ್ಕೆ ನಿಂತಿದೆ. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ಇಷ್ಟು ಕಾಲದಲ್ಲಿ ವಿಶ್ವದ ಒಟ್ಟು ‘ಭತ್ತ’ ಸುಮಾರು ಅರ್ಧಕ್ಕೆ ಇಳಿದಿದೆ ಅಷ್ಟೇ. ‘ಅಕ್ಕಿ’ ಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚು ಕಡಿಮೆಯಾಗಿದೆ. ಒಲೆ ಸಣ್ಣಗಾಗಿದ್ದು ಅಕ್ಕಿಯ ಜೊತೆಜೊತೆಗೇ.

ಯಾಕೆ ಕಡಿಮೆಯಾಯಿತು? ಇದರ ಒಂದು ದೊಡ್ಡ ಸುಳಿವು ಕೊಟ್ಟದ್ದೂ ಇದೇ ಜಿಎಂಆರ್‌ಟಿ. 2020ರಲ್ಲಿ ಪುಣೆಯ ಎನ್‌ಸಿಆರ್‌ಎ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 7,653 ಗ್ಯಾಲಕ್ಸಿಗಳ ಸಿಗ್ನಲ್‌ಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆದರು, ಯಾಕೆಂದರೆ ಬಿಡಿಬಿಡಿಯಾಗಿ ಅವು ಕೇಳಿಸುವಂತಿರಲಿಲ್ಲ. ಸುಮಾರು 800 ಕೋಟಿ ವರ್ಷಗಳ ಹಿಂದೆ ಆ ಗ್ಯಾಲಕ್ಸಿಗಳಲ್ಲಿ ಅನಿಲ ಹೇರಳವಾಗಿತ್ತು. ಆದರೆ ಅವು ನಕ್ಷತ್ರ ಮಾಡುತ್ತಿದ್ದ ವೇಗಕ್ಕೆ ಆ ದಾಸ್ತಾನು 100ರಿಂದ 200 ಕೋಟಿ ವರ್ಷದಲ್ಲಿ ಖಾಲಿಯಾಗುವಷ್ಟೇ! ಕೇಳಲು ದೊಡ್ಡ ಕಾಲ, ಗ್ಯಾಲಕ್ಸಿಗೆ ಇದು ತಿಂಗಳ ಕೊನೆಯ ಡಬ್ಬ. ಹೊರಗಿನಿಂದ ಹೊಸ ಅನಿಲ ಬಂದು ಸೇರುತ್ತಿರಲೇಬೇಕು. ಆ ಪೂರೈಕೆ ಖರ್ಚಿಗೆ ಸಮನಾಗಿ ಬರಲಿಲ್ಲ, ಆದ್ದರಿಂದಲೇ ನಕ್ಷತ್ರಗಳ ಹುಟ್ಟು ಕುಸಿಯಿತು ಎಂಬುದು ಆ ತಂಡದ ವಿವರಣೆ.

ಫಾರ್ವರ್ಡ್‌ನಲ್ಲಿದ್ದ ಗ್ಯಾಲಕ್ಸಿಯಲ್ಲೂ ಹೀಗೇ: ಅದರ ಬಿಡಿ ಹೈಡ್ರೋಜನ್, ಅದರಲ್ಲಿ ಕಾಣುವ ನಕ್ಷತ್ರಗಳ ಒಟ್ಟು ತೂಕದ ಸುಮಾರು ಎರಡು ಪಟ್ಟು. ಕಣಜ ತುಂಬಿದ್ದ ಕಾಲದ ಚಿತ್ರ ಅದು. ನಾವಿರುವ ಕ್ಷೀರಪಥ ಈಗ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ತೂಕದ ಹೊಸ ನಕ್ಷತ್ರಗಳನ್ನು ಮಾತ್ರ ಮಾಡುತ್ತಿದೆ, ಅದೂ ಹೊರಗಿನಿಂದ ಅಷ್ಟಿಷ್ಟು ಅನಿಲ ಇನ್ನೂ ಬಂದು ಬೀಳುತ್ತಿರುವುದರಿಂದ.