ಕಲಬುರಗಿ–ಬೀದರ ಹಳೆಯ ಮಾರ್ಗದ ಶೋಧನೆ: ನಕಾಶೆಗಳೂ ಜಿ.ಪಿ.ಎಸ್. ಯಂತ್ರವೂ

1347ರಿಂದ ಬಹಮನಿ ಅರಸರ ರಾಜಧಾನಿಯಾಗಿದ್ದ ಕಲಬುರಗಿಯನ್ನು ಬಿಟ್ಟು ಅಹಮದ್ ಷಾನು (ಆಳ್ವಿಕೆ 1422–1436) ಗದ್ದುಗೆಯನ್ನು ಬೀದರಕ್ಕೆ ಸಾಗಿಸಿದನೆಂಬುದು ಸರ್ವವಿದಿತ. ಆದರೆ ಈ ಎರಡು ನಗರಗಳ ನಡುವಣ ನೂರು ಕಿಲೋಮೀಟರಿಗೂ ಮಿಕ್ಕ ನೆಲವನ್ನು ದಂಡೂ ಬಂಡಿಗಳೂ ಯಾವ ಜಾಡಿನಲ್ಲಿ ದಾಟುತ್ತಿದ್ದುವು ಎಂದು ಕೇಳಿದರೆ, ಮಹಾಗಾಂವ, ಕಮಲಾಪುರ, ಹುಮನಾಬಾದುಗಳ ಮೇಲೆ ಹಾಯುವ ಇಂದಿನ ಹೆದ್ದಾರಿಯನ್ನೇ ತೋರಿಸುವುದು ವಾಡಿಕೆಯಾಗಿದೆ. ಹೊಳಕುಂದಾದ ಬಹಮನಿ ಶೈಲಿಯ ಗೋರಿಗಳು ಈ ಊಹೆಗೆ ಬೆಂಬಲ ಕೊಡುತ್ತವೆ, ನಿಜ. ಆದರೆ ಬೆಂಬಲವು ಪ್ರಮಾಣವಲ್ಲ. ಅದನ್ನು ನಡೆದೇ ನೋಡಬೇಕು. ನೇಗಿಲೂ ಟ್ರಾಕ್ಟರೂ ವರ್ಷೇ ವರ್ಷೇ ಹಳೆಯ ಬಂಡಿದಾರಿಗಳನ್ನು ಅಳಿಸುತ್ತಿರುವುದರಿಂದ ಈ ಕೆಲಸವನ್ನು ಬಹಳ ಕಾಲ ಮುಂದೂಡುವಂತಿಲ್ಲ. ಹಾಗೆ ನಡೆಯಹೊರಡುವ ವಿದ್ಯಾರ್ಥಿಗಳಿಗೆ ಬೇಕಾದ ಸಾಧನಗಳನ್ನು ಕುರಿತು ಇಲ್ಲಿ ವಿಚಾರಿಸುತ್ತೇವೆ.

ಮೊದಲನೆಯದು ಭಾರತೀಯ ಸರ್ವೇಕ್ಷಣ ಇಲಾಖೆಯ ಭೂನಕಾಶೆ. ಹಳೆಯ ಕ್ರಮದಲ್ಲಿ ನಮ್ಮ ಪ್ರದೇಶವು 56-ಸಿ ಎಂಬ ಹಾಳೆಗೆ ಸೇರುತ್ತದೆ; ಕಲಬುರಗಿ ನಗರವು ಅದರ 15ನೆಯ ಭಾಗದಲ್ಲಿದೆ. ಕಮಲಾಪುರವು 77ನೆಯ ರೇಖಾಂಶದ ಹತ್ತಿರವಿರುವುದರಿಂದ ಪಕ್ಕದ ಹಾಳೆಗಳನ್ನೂ ತರಿಸಿಕೊಳ್ಳಬೇಕು. ಇವುಗಳಲ್ಲಿ ಒಂದು ಸೆಂಟಿಮೀಟರು ನೆಲದ ಮೇಲಿನ 500 ಮೀಟರಿಗೆ ಸಮ. ಅದಕ್ಕೂ ಹಿಂದಿನ, ಮೈಲಿಗೆ ಒಂದು ಅಂಗುಲದ ಹಾಳೆ ದೊರೆತರೆ ಬಿಡಬಾರದು. ಬೆಳಕೋಟಾ ಬಳಿಯ ಗಂಡೋರಿ ನಾಲಾ ಜಲಾಶಯವಾಗಲಿ, 2017ರಲ್ಲಿ ಆರಂಭವಾದ ಬೀದರ–ಕಲಬುರಗಿ ರೈಲುದಾರಿಯಾಗಲಿ ಅದರಲ್ಲಿ ಕಾಣುವುದಿಲ್ಲ. ದಾರಿಹೋಕನಿಗೆ ಇದು ಕೊರತೆ. ಇತಿಹಾಸಕಾರನಿಗೆ ಇದೇ ಲಾಭ.

ಎರಡನೆಯದು ಕಂದಾಯದ ಗ್ರಾಮನಕಾಶೆ. ಸರ್ವೆ ನಂಬರುಗಳ ನಡುವೆ ಬಂಡಿದಾರಿ, ಕಾಲುದಾರಿ, ಹಳ್ಳಗಳನ್ನು ಇದು ಗುರುತಿಸುತ್ತದೆ. ಒಂದೂರಿನ ಸೀಮೆಯಲ್ಲಿ ಮುಗಿದ ಬಂಡಿದಾರಿ ನೆರೆಯೂರಿನ ನಕಾಶೆಯಲ್ಲಿ ಅದೇ ದಿಕ್ಕಿನಲ್ಲಿ ಮುಂದುವರಿದರೆ, ಅಲ್ಲಿ ದೂರಪ್ರಯಾಣದ ಜಾಡೊಂದು ಇದ್ದಿರಬಹುದೆಂದು ಶಂಕಿಸಲು ಅವಕಾಶವಿದೆ. ನಾವು ನಿಂತ ಹೊಲದ ಸರ್ವೆ ನಂಬರನ್ನು ತಿಳಿಯಲು ರಾಜ್ಯದ ಭೂಮಾಪನ ಇಲಾಖೆಯ 'ದಿಶಾಂಕ್' ನೆರವಾಗುತ್ತದೆ.

ಇನ್ನು ಜಿ.ಪಿ.ಎಸ್. ಯಂತ್ರ. ಉಪಗ್ರಹಗಳಿಂದ ಬರುವ ಸಂಕೇತಗಳ ಕಾಲವನ್ನು ಅಳೆದು ಅದು ಸ್ಥಾನವನ್ನು ಲೆಕ್ಕಹಾಕುತ್ತದೆ. ಸ್ಥಾನಕ್ಕೆ ಮೂರು ಉಪಗ್ರಹಗಳು, ಯಂತ್ರದ ಗಡಿಯಾರದ ತಪ್ಪನ್ನು ತಿದ್ದಲು ಇನ್ನೊಂದು, ಹೀಗೆ ಕಡಿಮೆಯೆಂದರೆ ನಾಲ್ಕು ಬೇಕು. ಅಮೆರಿಕವು ನಾಗರಿಕರ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ತರುವಾಯ, ಬಯಲಿನಲ್ಲಿ ಕೆಲವೇ ಮೀಟರುಗಳ ಅಂತರದಲ್ಲಿ ಸ್ಥಾನ ಸಿಕ್ಕುತ್ತದೆ. ಮೊಬೈಲು ಕೂಡ ಈ ಕೆಲಸ ಮಾಡಬಲ್ಲದು. ಟವರಿನ ಸಂಪರ್ಕವಿಲ್ಲದಿದ್ದರೂ ಉಪಗ್ರಹದ ಸಂಕೇತ ಅದಕ್ಕೆ ದೊರೆಯುತ್ತದೆ, ನಕಾಶೆಯನ್ನು ಮಾತ್ರ ಮುಂಚಿತವಾಗಿ ತುಂಬಿಕೊಂಡಿರಬೇಕು. ಆದರೂ ಅನೇಕ ದಿನಗಳ ನಡಿಗೆಗೆ, ಹಳ್ಳಿಯ ಅಂಗಡಿಯಲ್ಲೂ ದೊರೆಯುವ ಪೆನ್ಸಿಲ್ ಸೆಲ್ಲಿನಿಂದ ನಡೆಯುವ ಪ್ರತ್ಯೇಕ ಯಂತ್ರವೇ ಲೇಸೆಂದು ನಮ್ಮ ಅಭಿಪ್ರಾಯ. ಕೊಳ್ಳುವಾಗ ಒಂದು ಎಚ್ಚರಿಕೆ: ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಬಗೆಯ ಯಂತ್ರವನ್ನು ಸರಕಾರದ ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಬಳಸುವಂತಿಲ್ಲ.

ಹಳೆಯ ಹಾಳೆಯನ್ನೂ ಹೊಸ ಯಂತ್ರವನ್ನೂ ಒಟ್ಟಿಗೆ ಬಳಸುವಲ್ಲಿಯೇ ನಿಜವಾದ ತೊಡಕಿದೆ. 1802ರಲ್ಲಿ ಮದರಾಸಿನಲ್ಲಿ ಮಹಾ ತ್ರಿಕೋಣಮಾಪನವನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನನು 1815ರಲ್ಲಿ ಬೀದರದ ಸಮೀಪ ಆಧಾರರೇಖೆಯೊಂದನ್ನು ಅಳೆದನು; 1841ರಲ್ಲಿ ಅದನ್ನು ಮತ್ತೆ ಅಳೆಯಲಾಯಿತು. ಈ ಪರಂಪರೆಯ ನಕಾಶೆಗಳು ಎವರೆಸ್ಟನು 1830ರಲ್ಲಿ ಗಣಿಸಿದ ಭೂಗೋಳದ ಆಕಾರವನ್ನು ಆಧರಿಸಿವೆ. ಜಿ.ಪಿ.ಎಸ್. ಯಂತ್ರವಾದರೋ ಡಬ್ಲ್ಯೂ.ಜಿ.ಎಸ್. 84 ಎಂಬ ಬೇರೊಂದು ಆಕಾರವನ್ನು ನೆಚ್ಚುತ್ತದೆ. ಆದಕಾರಣ ಯಂತ್ರದ ಅಂಕಿಗಳನ್ನು ಹಾಗೆಯೇ ಹಳೆಯ ಹಾಳೆಗೆ ಇಳಿಸಿದರೆ ನಮ್ಮ ಜಿಲ್ಲೆಯಲ್ಲಿ ನೂರು ಮೀಟರಿಗೂ ಮಿಗಿಲಾದ ವ್ಯತ್ಯಾಸ ಬರುತ್ತದೆ. ನೂರು ಮೀಟರೆಂದರೆ ಶಾಸನದ ಕಲ್ಲೊಂದು ಪಕ್ಕದ ರೈತನ ಹೊಲಕ್ಕೆ, ಬಾವಿಯೊಂದು ಹಳ್ಳದ ಆಚೆಯ ದಡಕ್ಕೆ ಹೋದಂತೆಯೇ ಸರಿ. ಮುಂದೆ ಹುಡುಕುವವನು ಅದು ನಾಶವಾಯಿತೆಂದು ಬರೆದಾನು. 2005ರ ನಕಾಶಾ ನೀತಿಯ ತರುವಾಯ ಬಂದ, 'ಇ 43' ಎಂದು ಆರಂಭವಾಗುವ ಸಾರ್ವಜನಿಕ ಹಾಳೆಗಳು ಯಂತ್ರದ ಆಕಾರವನ್ನೇ ಅನುಸರಿಸುತ್ತವೆ. ಹಳೆಯ ಹಾಳೆಯಲ್ಲಿ ಕೆಲಸ ಮಾಡಲೇಬೇಕಾದರೆ ಯಂತ್ರದ ವ್ಯವಸ್ಥೆಯನ್ನು 'ಇಂಡಿಯನ್' ಆಧಾರಕ್ಕೆ ಬದಲಿಸಿ, ಎರಡರಲ್ಲೂ ಬದಲಾಗದ ಗುಡಿ, ಗುಮ್ಮಟ ಅಥವಾ ಬೆಟ್ಟದ ಮೇಲಣ ಸರ್ವೆಕಲ್ಲಿನ ಬಳಿ ನಿಂತು ಪರೀಕ್ಷಿಸಿಕೊಳ್ಳಬೇಕು. ಯಾವ ಆಧಾರದಲ್ಲಿ ಅಂಕಿಗಳನ್ನು ಬರೆದುಕೊಂಡೆವೆಂಬುದನ್ನು ಟಿಪ್ಪಣಿ ಪುಸ್ತಕದ ಪ್ರತಿ ಪುಟದ ತಲೆಯಲ್ಲಿ ನಮೂದಿಸುವುದು ಕಡ್ಡಾಯ.

ಗುಮ್ಮಟದೊಳಗೆ ನಿಂತು ಅಳತೆ ತೆಗೆಯಬಾರದು; ಕಲ್ಲಿನ ಛಾವಣಿ ಸಂಕೇತವನ್ನು ತಡೆಯುತ್ತದೆ. ಹೊರಗಿನ ಬಯಲಿನಲ್ಲಿ ಸ್ಥಾನವನ್ನು ಪಡೆದು, ಅಲ್ಲಿಂದ ಟೇಪು ಮತ್ತು ದಿಕ್ಸೂಚಿಗಳಿಂದ ಒಳಗನ್ನು ಅಳೆಯಬೇಕು. ದಿಕ್ಸೂಚಿಯ ಓರೆ ಈ ಭಾಗದಲ್ಲಿ ಒಂದು ಅಂಶಕ್ಕಿಂತ ಕಡಿಮೆಯಾದ್ದರಿಂದ ಅದನ್ನು ಗಣನೆಗೆ ತೆಗೆದುಕೊಳ್ಳದಿದ್ದರೂ ಬಾಧಕವಿಲ್ಲ. ನಡಿಗೆಗೆ ಸುಗ್ಗಿ ಮುಗಿದ ಮೇಲಿನ ದಿನಗಳನ್ನು ಆರಿಸುವುದು ಉಚಿತ. ಮಳೆಯಲ್ಲಿ ಎರೆಭೂಮಿ ಕಾಲು ಹಿಡಿಯುತ್ತದೆ. ಪೈರು ನಿಂತ ಹೊಲದಲ್ಲಿ ಹಳೆಯ ದಾರಿಯ ತಗ್ಗು ಕಾಣುವುದಿಲ್ಲ, ರೈತನೂ ಒಳಗೆ ಬಿಡುವುದಿಲ್ಲ.